ಖಾಲಿ ಸೀಟಿನ ಹಿಂದೆ ಕೂತವರು

ಆ ದೃಶ್ಯವನ್ನು ನೀವೂ ನೋಡಿರ್ತೀರಿ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ರಸ್ತೆ, ಒಂದು ಬಿಳಿ ಕಾರು, ಹಿಂದೆ ಕೂತವರು ಮೊಬೈಲ್ ಎತ್ತಿ ಹಿಡಿದು ಶೂಟ್ ಮಾಡ್ತಿದ್ದಾರೆ. ಮುಂದೆ ಡ್ರೈವರ್ ಸೀಟು ಖಾಲಿ. ಸ್ಟೀರಿಂಗ್ ಮಾತ್ರ ತನ್ನಷ್ಟಕ್ಕೆ ತಾನು ಎಡಕ್ಕೆ ಅರ್ಧ ಸುತ್ತು, ಬಲಕ್ಕೆ ಕಾಲು ಸುತ್ತು ತಿರುಗ್ತಿದೆ. ನಮ್ಮ ನ್ಯೂಸ್ ರೂಮಿಗೆ ಈ ವಿಡಿಯೊ ಬಂದಾಗ ಡೆಸ್ಕಿನ ಹುಡುಗರು ಎರಡೇ ನಿಮಿಷದಲ್ಲಿ ಟೈಟಲ್ ಕೊಟ್ಟರು: 'ದೆವ್ವದ ಕಾರು!!!' ನನಗೆ ನಗು ಬಂತು. ಯಾಕಂದ್ರೆ ಈ ಟೈಟಲ್‌ಗೆ ಹತ್ತಿರ ಹತ್ತಿರ 100 ವರ್ಷ ವಯಸ್ಸು. 1926ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಲ್ವಾಕಿ ನಗರದ ಪತ್ರಿಕೆಯೊಂದು 'ಫ್ಯಾಂಟಮ್ ಆಟೊ' ಊರು ಸುತ್ತಲಿದೆ ಅಂತ ಸುದ್ದಿ ಹಾಕಿತ್ತು. ಫ್ಯಾಂಟಮ್ ಅಂದ್ರೆ ಮತ್ತೇನಲ್ಲ, ದೆವ್ವವೇ. ಸುದ್ದಿಮನೆಯವರ ಬುದ್ಧಿ ಎಲ್ಲ ಕಾಲದಲ್ಲೂ ಒಂದೇ.

ಈ ಖಾಲಿ ಸೀಟಿನ ಚರಿತ್ರೆಯನ್ನೇ ಇವತ್ತು ಹೇಳ್ತೀನಿ. ಸೆನ್ಸರ್, ಸಾಫ್ಟ್‌ವೇರ್, ಚಿಪ್ ಇವನ್ನೆಲ್ಲ ವಿವರಿಸೋಕೆ ಬೇರೆಯವರಿದ್ದಾರೆ. ನಾನೂ ಇಂಜಿನಿಯರಿಂಗ್ ಓದಿದವನೇ, ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ಬರೆದು ಪಾಸಾದವನೇ. ಆದರೆ ಅದನ್ನೆಲ್ಲ ಇಲ್ಲಿ ಒಪ್ಪಿಸಿದರೆ ನೀವು ರಿಮೋಟ್ ಹುಡುಕ್ತೀರಿ. ನನ್ನ ಕುತೂಹಲ ಇರೋದು ನೋಟದ ಬಗ್ಗೆ. ಡ್ರೈವರ್ ಇಲ್ಲದ ವಾಹನ ದಾರಿಹೋಕರ ಕಣ್ಣಿಗೆ ಹೇಗೆ ಕಾಣಬೇಕು ಅಂತ ಯಾರು ತೀರ್ಮಾನ ಮಾಡಿದರು? ಮತ್ತೆ ಆ ಸೀಟಿನಿಂದ ಎದ್ದು ಹೋದ ಮನುಷ್ಯ ಹೋಗಿದ್ದೆಲ್ಲಿಗೆ?

ಮೊದಲು ನಮ್ಮ ಮಾತನ್ನೇ ನೋಡಿ. ಬೆಂಗಳೂರಿನಲ್ಲಿ 'ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ದೊರೆಯುತ್ತದೆ' ಅಂತ ಬೋರ್ಡ್ ಇದ್ದರೆ ಅದರ ಅರ್ಥ, ಡ್ರೈವರ್ ಕೊಡೋದಿಲ್ಲ, ನೀವೇ ಓಡಿಸ್ಕೊಳ್ಳಿ. ಅಮೆರಿಕದಲ್ಲಿ 'ಸೆಲ್ಫ್ ಡ್ರೈವಿಂಗ್ ಕಾರು' ಅಂದ್ರೆ ನೀವು ಓಡಿಸೋದೇ ಬೇಡ, ಅದೇ ಓಡುತ್ತೆ. ಪದ ಒಂದೇ, ಅರ್ಥ ಉಲ್ಟಾ. ಅಲ್ಲಿ ಸಾಮಾನ್ಯವಾಗಿ ಮಾಲೀಕನೇ ಚಾಲಕ. ಇಲ್ಲಿ ಸ್ವಲ್ಪ ಅನುಕೂಲಸ್ಥರಾದರೆ ಹಿಂದೆ ಕೂರ್ತಾರೆ, ಮುಂದೆ ಡ್ರೈವರ್ ಇರ್ತಾನೆ. ಹಿಂದಿನ ಸೀಟಲ್ಲಿ ಪೇಪರ್ ಓದುತ್ತಾ ಆಫೀಸಿಗೆ ಹೋಗುವ ಸುಖವನ್ನು ಅಮೆರಿಕದ ಕಂಪನಿಗಳು ಭವಿಷ್ಯದ ಕನಸು ಅಂತ ಮಾರ್ತಿರುವಾಗ, ನಮ್ಮಲ್ಲಿ ಕೆಲವು ಮನೆತನಗಳು ಮೂರು ತಲೆಮಾರಿನಿಂದ ಅದನ್ನು ಅನುಭವಿಸಿಕೊಂಡೇ ಬಂದಿವೆ. ಸಂಬಳ ಕೊಟ್ಟು.

ಇನ್ನೂ ಹಿಂದಕ್ಕೆ ಹೋದರೆ ಎತ್ತಿನ ಗಾಡಿ. ಸಂತೆ ಮುಗಿದಿದೆ, ಕತ್ತಲಾಗಿದೆ, ಗಾಡಿ ಹೊಡೆಯುವವನು ಹುಲ್ಲಿನ ಮೇಲೆ ಒರಗಿ ನಿದ್ದೆ ಹೋಗಿದ್ದಾನೆ. ಎತ್ತುಗಳಿಗೆ ದಾರಿ ಗೊತ್ತು. ಹಳ್ಳ ಬಂದರೆ ನಿಧಾನಿಸ್ತವೆ, ಎದುರಿಂದ ಇನ್ನೊಂದು ಗಾಡಿ ಬಂದರೆ ಪಕ್ಕಕ್ಕೆ ಸರೀತವೆ, ಕೊನೆಗೆ ಮನೆ ಮುಂದೆ ಬಂದು ತಾವೇ ನಿಲ್ತವೆ. ಗೊತ್ತಿರುವ ಒಂದು ಪ್ರದೇಶದೊಳಗೆ ಮನುಷ್ಯನ ಸಹಾಯವಿಲ್ಲದೆ ಓಡುವ ವಾಹನಕ್ಕೆ ಇಂಜಿನಿಯರ್‌ಗಳು 'ಲೆವೆಲ್ 4' ಅಂತ ಹೆಸರಿಟ್ಟಿದ್ದಾರೆ. ನಮ್ಮ ಅಜ್ಜಂದಿರ ಕೊಟ್ಟಿಗೆಯಲ್ಲಿ ಜೋಡಿ ಲೆವೆಲ್ 4 ಕಟ್ಟಿರ್ತಿದ್ದರು!

ಆ ಗಾಡಿಯ ಚೆಂದವನ್ನೂ ಗಮನಿಸಿ. ಕೊರಳಿಗೆ ಗಂಟೆ, ಕೊಂಬಿನ ತುದಿಗೆ ಹಿತ್ತಾಳೆ ಅಣಸು, ಗಾಡಿಯ ಕೆಳಗೆ ತೂಗುವ ಲಾಟೀನು. ಇವೆಲ್ಲ ಶೋಕಿಗೂ ಹೌದು, ಕೆಲಸಕ್ಕೂ ಹೌದು. ಕತ್ತಲಲ್ಲಿ ನಡೆದು ಬರುವವನಿಗೆ ಗಂಟೆ ಸದ್ದು ಕೇಳಿದರೆ ಗಾಡಿ ಬರ್ತಿದೆ ಅಂತ ಗೊತ್ತಾಗುತ್ತೆ. ಯುರೋಪಿಯನ್ ಒಕ್ಕೂಟ 2019ರ ಜುಲೈನಿಂದ ಹೊಸ ಮಾದರಿಯ ಎಲೆಕ್ಟ್ರಿಕ್ ಕಾರುಗಳಿಗೆ ಒಂದು ನಿಯಮ ತಂದಿತು: ಗಂಟೆಗೆ 20 ಕಿ.ಮೀ.ವರೆಗಿನ ವೇಗದಲ್ಲಿ ಹೋಗುವಾಗ ಕಾರು ಕೃತಕವಾಗಿಯಾದರೂ ಸದ್ದು ಮಾಡಲೇಬೇಕು. ಸದ್ದಿಲ್ಲದೆ ಬಂದರೆ ಕಣ್ಣು ಕಾಣದವರಿಗೆ, ಮಕ್ಕಳಿಗೆ ಅಪಾಯ ಅಂತ. ಎತ್ತಿನ ಕೊರಳ ಗಂಟೆ ಸ್ಪೀಕರ್ ಆಗಿ ವಾಪಸ್ ಬಂತು ಅಷ್ಟೇ.

ಮೋಟಾರು ಬಂದ ಹೊಸತರಲ್ಲಿ ಅದನ್ನು ಕಾರು ಅಂತ ಯಾರೂ ನೋಡಲಿಲ್ಲ, 'ಕುದುರೆ ಇಲ್ಲದ ಗಾಡಿ' ಅಂತ ನೋಡಿದರು. ರೂಪವೂ ಸಾರೋಟಿನದ್ದೇ. ಕುದುರೆಯ ಕಾಲಿಂದ ಎರಚುವ ಕೆಸರು ಕೂತವರ ಮೈಮೇಲೆ ಬೀಳದಂತೆ ಅಡ್ಡ ನಿಲ್ಲಿಸುತ್ತಿದ್ದ ಹಲಗೆಗೆ ಡ್ಯಾಶ್‌ಬೋರ್ಡ್ ಅಂತಿದ್ದರು. ಕುದುರೆ ಹೋಯ್ತು, ಕೆಸರು ಹೋಯ್ತು, ಹಲಗೆ ಮಾತ್ರ ಹೆಸರಿನ ಸಮೇತ ಉಳೀತು. ಇವತ್ತು ಅದರ ಮೇಲೆ ನಮ್ಮ ಗಣಪತಿ ಕೂತಿದ್ದಾನೆ. 1899ರಲ್ಲಿ ಮಿಷಿಗನ್ ರಾಜ್ಯದ ಯೂರಿಯಾ ಸ್ಮಿತ್ ಎಂಬಾತ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕಾರಿನ ಮೂತಿಗೆ ಕುದುರೆಯ ತಲೆಯನ್ನೇ ಕೂರಿಸುವ ವಿನ್ಯಾಸ ಮಾಡಿದ, ರಸ್ತೆಯಲ್ಲಿ ಎದುರಾಗುವ ನಿಜವಾದ ಕುದುರೆಗಳು ಬೆದರಬಾರದು ಅಂತ! ನಗಬೇಡಿ. ಈ ಕುದುರೆ ತಲೆ ಮುಂದೆ ಬೇರೆ ಬೇರೆ ವೇಷದಲ್ಲಿ ಬರುತ್ತೆ.

ಈಗ ಆ ದೆವ್ವದ ಕಾರಿಗೆ ಬರೋಣ. 1925ರ ಜುಲೈ, ನ್ಯೂಯಾರ್ಕ್. ಅಮೆರಿಕದ ಸೇನೆಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿದ್ದ ಫ್ರಾನ್ಸಿಸ್ ಹೌಡಿನಾ ಎಂಬಾತ ಚಾಂಡ್ಲರ್ ಕಂಪನಿಯ ಕಾರೊಂದಕ್ಕೆ ಆಂಟೆನಾ ಹಾಕಿ ಬ್ರಾಡ್‌ವೇ ರಸ್ತೆಗೆ ಬಿಟ್ಟ. ಒಳಗೆ ಯಾರೂ ಇಲ್ಲ. ಕಾರು ತಾನೇ ಸ್ಟಾರ್ಟ್ ಆಯ್ತು, ಗೇರ್ ಹಾಕ್ತು, ಹಾರ್ನ್ ಹೊಡೀತು. ಜನ ಬಾಯಿ ಬಿಟ್ಟುಕೊಂಡು ನೋಡಿದರು. ಫಿಫ್ತ್ ಅವೆನ್ಯೂ ತಲುಪೋ ಹೊತ್ತಿಗೆ ಹತೋಟಿ ತಪ್ಪಿ ಕ್ಯಾಮೆರಾದವರು ತುಂಬಿದ್ದ ಕಾರಿಗೇ ಗುದ್ದಿತು. (ನಮ್ಮ ಕಸುಬಿನವರಿಗೆ ಇದೂ ಹೊಸದಲ್ಲ ಬಿಡಿ.) ಇನ್ನೊಂದು ಸ್ವಾರಸ್ಯ ಇದೆ. ಜಾದೂಗಾರ ಹ್ಯಾರಿ ಹೂಡಿನಿ, ತನ್ನ ಹೆಸರನ್ನು ಈ ಕಂಪನಿಯವರು ದುರುಪಯೋಗ ಮಾಡ್ತಿದ್ದಾರೆ ಅಂತ ಸಿಟ್ಟಾಗಿ ಅವರ ಕಚೇರಿಗೇ ನುಗ್ಗಿ ಸಾಮಾನು ಮುರಿದು ಬಂದ.

ನನಗೆ ಮುಖ್ಯ ಅನ್ನಿಸೋದು ಬೇರೆ. ಆ ಕಾರನ್ನು ಓಡಿಸಿದ್ದು ಯಾರು? ಹಿಂದೆಯೇ ಬರ್ತಿದ್ದ ಇನ್ನೊಂದು ಕಾರು. ಅದರಲ್ಲಿ ಕೂತಿದ್ದ ಆಪರೇಟರ್‌ಗಳು ರೇಡಿಯೊ ಸಿಗ್ನಲ್ ಕಳಿಸ್ತಿದ್ದರು, ಮುಂದಿನ ಕಾರಿನ ಮೋಟಾರುಗಳು ಸ್ಟೀರಿಂಗ್ ತಿರುಗಿಸ್ತಿದ್ದವು. ಅಂದ್ರೆ ಡ್ರೈವರ್ ಇದ್ದ. ಸೀಟು ಮಾತ್ರ ಹಿಂದಕ್ಕೆ ಸರಿದಿತ್ತು, ನೋಡುವವರ ಕಣ್ಣಿಗೆ ಬೀಳದಷ್ಟು ಹಿಂದಕ್ಕೆ. ಜನ ಬೆರಗಾಗಿದ್ದು ಯಂತ್ರಕ್ಕಿಂತ ಹೆಚ್ಚಾಗಿ ಆ ಖಾಲಿ ಸೀಟಿಗೆ. ಸೀಟು ಖಾಲಿ ಕಾಣಿಸೋದೇ ಆ ಪ್ರದರ್ಶನದ ಜೀವಾಳ. ಮುಂದಿನ 100 ವರ್ಷದ ಚರಿತ್ರೆಯನ್ನು ಓದುವಾಗ ನಾನು ಪ್ರತಿ ಸಲ ಕೇಳಿಕೊಳ್ಳೋದು ಇದೊಂದೇ ಪ್ರಶ್ನೆ: ಹಿಂದಿನ ಕಾರು ಎಲ್ಲಿದೆ?

ಮಧ್ಯದ ಕಾಲವನ್ನು ಬೇಗ ದಾಟಿಬಿಡೋಣ. 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಜನರಲ್ ಮೋಟರ್ಸ್ ಕಂಪನಿ 'ಫ್ಯೂಚರಾಮ' ಎಂಬ ಪ್ರದರ್ಶನ ಇಟ್ಟಿತು. ನಾರ್ಮನ್ ಬೆಲ್ ಗೆಡೆಸ್ ಎಂಬ ವಿನ್ಯಾಸಕಾರನ ಕಲ್ಪನೆ ಅದು. ಚಲಿಸುವ ಕುರ್ಚಿಗಳಲ್ಲಿ ಕೂತು ಜನ ಕೆಳಗೆ 1960ರ ಅಮೆರಿಕದ ಮಾದರಿಯನ್ನು ನೋಡ್ತಾ ಸಾಗ್ತಿದ್ದರು. ಅಗಲ ರಸ್ತೆ, ರೇಡಿಯೊ ಹತೋಟಿಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಹರಿಯುವ ಪುಟಾಣಿ ಕಾರುಗಳು. ಹೊರಗೆ ಬರುವಾಗ 'ನಾನು ಭವಿಷ್ಯವನ್ನು ನೋಡಿದ್ದೇನೆ' ಅಂತ ಒಂದು ಬ್ಯಾಡ್ಜು. 1950ರ ದಶಕದಲ್ಲಿ ಅಮೆರಿಕದ ವಿದ್ಯುತ್ ಕಂಪನಿಗಳ ಒಂದು ಜಾಹೀರಾತು ಬಂತು. ಗಾಜಿನ ಛಾವಣಿಯ ಕಾರು, ಒಳಗೆ ಗಂಡ, ಹೆಂಡತಿ, ಮಕ್ಕಳು ಎದುರುಬದುರು ಕೂತು ಡಾಮಿನೊ ಆಡ್ತಿದ್ದಾರೆ, ಕಾರು ಹೆದ್ದಾರಿಯಲ್ಲಿ ತಾನೇ ಹೋಗ್ತಿದೆ. ಡ್ರೈವರ್ ಇಲ್ಲದ ಕಾರಿನ ಕನಸಿನ ಚಿತ್ರಗಳಲ್ಲೆಲ್ಲ ಸಂಸಾರ ಒಟ್ಟಿಗೆ ಕೂತು ಮಾತಾಡುತ್ತೆ. ಈಗ ಆ ಕಾರು ನಿಜವಾಗಿ ಬಂದಿದೆ, ಒಳಗೆ ಕೂತವರು ಏನು ಮಾಡ್ತಿದ್ದಾರೆ ಅಂತ ನಿಮಗೆ ಗೊತ್ತು. ಮೊಬೈಲ್ ನೋಡ್ತಿದ್ದಾರೆ.

ಆಮೇಲೆ ಜರ್ಮನಿಯ ಅರ್ನ್‌ಸ್ಟ್ ಡಿಕ್‌ಮನ್ಸ್. ಕ್ಯಾಮೆರಾದಿಂದ ರಸ್ತೆ ನೋಡಿ ತಾನೇ ಓಡುವ ಮರ್ಸಿಡಿಸ್ ವ್ಯಾನನ್ನು 1980ರ ದಶಕದಲ್ಲೇ ಮಾಡಿದ ಪ್ರೊಫೆಸರ್. 1995ರಲ್ಲಿ ಅವರ ಕಾರು ಮ್ಯೂನಿಕ್‌ನಿಂದ ಡೆನ್ಮಾರ್ಕಿನ ಓಡೆನ್ಸವರೆಗೆ ಬಹುಪಾಲು ತಾನೇ ಓಡಿಸಿಕೊಂಡು ಹೋಯ್ತು. ಇಂಥ ಮನುಷ್ಯನ ಹೆಸರು ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಅಷ್ಟಾಗಿ ಕೇಳಿಬರಲ್ಲ ಅನ್ನೋದು ನನ್ನ ಬೇಸರ. 2004ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ, ಮೊಹಾವಿ ಮರುಭೂಮಿಯಲ್ಲಿ ಡ್ರೈವರ್ ಇಲ್ಲದ ವಾಹನಗಳ ರೇಸ್ ಇಟ್ಟಿತು. ದಾರಿ ಸುಮಾರು 240 ಕಿ.ಮೀ., ಅತಿ ಹೆಚ್ಚು ದೂರ ಹೋದ ವಾಹನ ಓಡಿದ್ದು 12 ಕಿ.ಮೀ.ಗೂ ಕಡಿಮೆ. ಮರುವರ್ಷವೇ ಐದು ವಾಹನ ಗುರಿ ಮುಟ್ಟಿದವು. ಮರುಭೂಮಿಯಲ್ಲಿ ದಾಟೋಕೆ ಪಾದಚಾರಿಗಳಿಲ್ಲ. ಹಾಗಾಗಿ ಆ ವಾಹನಗಳಿಗೆ ಮುಖವೇ ಬೇಕಿರಲಿಲ್ಲ. ಛಾವಣಿ ಮೇಲೆ ಸೆನ್ಸರ್ ಹೊರೆ ಹೊತ್ತ ಕಬ್ಬಿಣದ ಒಂಟೆಗಳ ಹಾಗಿದ್ದವು.

ಊರೊಳಗೆ ಬಂದಾಗ ಸಮಸ್ಯೆ ಶುರುವಾಯ್ತು. ಡ್ರೈವರ್ ಅನ್ನೋನು ಬರೀ ಸ್ಟೀರಿಂಗ್ ತಿರುಗಿಸೋನಲ್ಲ. ಅವನೊಂದು ಮುಖ. ರಸ್ತೆ ದಾಟುವಾಗ ನಾವು ಕಾರನ್ನು ನೋಡಲ್ಲ, ಗಾಜಿನ ಹಿಂದಿನ ಕಣ್ಣನ್ನು ನೋಡ್ತೀವಿ. ಅವನು ತಲೆ ಆಡಿಸಿದರೆ ಹೆಜ್ಜೆ ಇಡ್ತೀವಿ. ನಾವು ಕೈ ಅಡ್ಡ ಹಿಡಿದರೆ ಅವನು ಗೊಣಗುತ್ತಲೇ ಬ್ರೇಕ್ ಹಾಕ್ತಾನೆ. ಸಿಗ್ನಲ್ ಇಲ್ಲದ ಕಡೆ ನಗರ ಓಡ್ತಿರೋದು ಈ ಕಣ್ಸನ್ನೆ, ಕೈಸನ್ನೆಯ ಮೇಲೆ. ಆ ಮುಖವನ್ನು ತೆಗೆದರೆ ಅದರ ಜಾಗಕ್ಕೆ ಏನಿಡಬೇಕು?

ಲಿಫ್ಟ್ ಕತೆಯಲ್ಲಿ ಇದಕ್ಕೊಂದು ಪೂರ್ವಭಾವಿ ಪಾಠ ಇದೆ. ಬಟನ್ ಒತ್ತಿದರೆ ತಾನೇ ಓಡುವ ಲಿಫ್ಟ್ ಸುಮಾರು 1900ರ ಹೊತ್ತಿಗೇ ಇತ್ತು. ಆದರೂ ದಶಕಗಟ್ಟಲೆ ಜನ ಹತ್ತಲಿಲ್ಲ. ಲಿಫ್ಟ್‌ಮನ್ ಇಲ್ಲದ ಪೆಟ್ಟಿಗೆಯೊಳಗೆ ಕಾಲಿಡೋಕೆ ಭಯ. 1945ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಲಿಫ್ಟ್ ಆಪರೇಟರ್‌ಗಳು, ಬಾಗಿಲು ಕಾಯುವವರು ಸೇರಿ ಸುಮಾರು 15 ಸಾವಿರ ಮಂದಿ ಮುಷ್ಕರ ಹೂಡಿದರು. ಗಗನಚುಂಬಿ ಕಟ್ಟಡಗಳ ಬುಡದಲ್ಲಿ ನಗರವೇ ನಿಂತುಹೋಯ್ತು. ಆಮೇಲೆ ಕಟ್ಟಡದ ಮಾಲೀಕರಿಗೆ ಆಟೊಮ್ಯಾಟಿಕ್ ಲಿಫ್ಟ್ ಮೇಲೆ ಪ್ರೀತಿ ಹುಟ್ಟಿತು. ಕಂಪನಿಗಳು ಜನರ ಭಯ ಕಳೆಯೋಕೆ ಕೆಂಪು ಎಮರ್ಜೆನ್ಸಿ ಬಟನ್, ಒಂದು ಟೆಲಿಫೋನ್, ಒಂದು ಮೃದುವಾದ ಧ್ವನಿ ಸೇರಿಸಿದವು. ಇವತ್ತಿಗೂ ನಮ್ಮ ಕೆಲವು ಸರ್ಕಾರಿ ಕಟ್ಟಡಗಳಲ್ಲಿ ಲಿಫ್ಟಿನೊಳಗೆ ಸ್ಟೂಲ್ ಹಾಕಿ ಒಬ್ಬರು ಕೂತಿರ್ತಾರೆ. ಬಟನ್ ಒತ್ತೋಕೆ ಮನುಷ್ಯ ಯಾಕೆ ಅಂತ ಕೆಲವರು ನಗ್ತಾರೆ. ಅವರನ್ನು ಕೇಳಿ, ಯಾವ ಸಾಹೇಬರು ಯಾವ ಮಹಡಿಯಲ್ಲಿದ್ದಾರೆ, ಇವತ್ತು ರಜೆಯಾ ಅನ್ನೋದನ್ನೆಲ್ಲ ಹೇಳ್ತಾರೆ. ಯಾವ ಬಟನ್ ಹೇಳುತ್ತೆ ಅದನ್ನ?

ಕಾರಿನ ವಿಷಯದಲ್ಲಿ ಕಂಪನಿಗಳು ಮೊದಲು ಮಾಡಿದ್ದು ಕಾರಿಗೇ ಮುಖ ಕೊಡೋದು. 2014ರಲ್ಲಿ ಗೂಗಲ್ ತೋರಿಸಿದ ಪುಟ್ಟ ಕಾರು ನೆನಪಿದೆಯಾ? ಎರಡು ಸೀಟು, ಸ್ಟೀರಿಂಗ್ ಇಲ್ಲ, ಪೆಡಲ್ ಇಲ್ಲ, ವೇಗ ಗಂಟೆಗೆ ಹೆಚ್ಚೆಂದರೆ 40 ಕಿ.ಮೀ. ದುಂಡು ಮೂತಿ, ಎರಡು ಕಣ್ಣಿನಂಥ ದೀಪ, ಮಧ್ಯೆ ಕಪ್ಪು ಮೂಗು. ನೋಡಿದರೆ ಕೆನ್ನೆ ಹಿಂಡಬೇಕು ಅನ್ನಿಸೋ ಥರ. ಫೈರ್‌ಫ್ಲೈ ಅಂತ ಹೆಸರು, ಅಂದ್ರೆ ಮಿಂಚುಹುಳ. ಅದು ಮುದ್ದಾಗಿ ಕಾಣ್ತಿದ್ದದ್ದು ಆಕಸ್ಮಿಕ ಅಲ್ಲವೇ ಅಲ್ಲ. ಮಗುವಿನ ಮುಖ ಕಂಡರೆ ಮನುಷ್ಯ ಹೆದರಲ್ಲ. ಇದೇ ಆ ಕುದುರೆ ತಲೆಯ ಹೊಸ ವೇಷ.

ಈ ಕಾರಿನ ಒಂದು ಪ್ರಯಾಣವನ್ನು ಮಾತ್ರ ನಾನು ಲಘುವಾಗಿ ಹೇಳಲಾರೆ. 2015ರ ಅಕ್ಟೋಬರ್‌ನಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಸ್ಟೀವ್ ಮಹಾನ್ ಎಂಬ ದೃಷ್ಟಿಹೀನ ವ್ಯಕ್ತಿ ಒಬ್ಬರೇ ಅದರಲ್ಲಿ ಕೂತು ಸಾಮಾನ್ಯ ರಸ್ತೆಯಲ್ಲಿ ಪ್ರಯಾಣ ಮಾಡಿದರು. ಜೊತೆಗೆ ಇಂಜಿನಿಯರ್ ಇಲ್ಲ, ಪೊಲೀಸ್ ಬೆಂಗಾವಲು ಇಲ್ಲ. ಎಲ್ಲಿಗೆ ಹೋಗಬೇಕಾದರೂ ಯಾರನ್ನಾದರೂ ಕರೆದುಕೊಂಡು ಹೋಗಿ ಅಂತ ಕೇಳಬೇಕಾದ ಮನುಷ್ಯನಿಗೆ ಖಾಲಿ ಸೀಟು ದೆವ್ವ ಅಲ್ಲ, ಬಿಡುಗಡೆ. ಡ್ರೈವರ್ ಇಲ್ಲದ ಕಾರನ್ನು ಒಂದೇ ಏಟಿಗೆ ತಳ್ಳಿಹಾಕುವವರು ಈ ಪ್ರಯಾಣಕ್ಕೂ ಉತ್ತರ ಹೇಳಬೇಕಾಗುತ್ತೆ.

ಮುಖದ ಹುಡುಕಾಟ ಮುಂದುವರೀತು. 2015ರಲ್ಲಿ ಮರ್ಸಿಡಿಸ್ ತೋರಿಸಿದ ಒಂದು ಪ್ರಯೋಗದ ಕಾರು, ಪಾದಚಾರಿಯನ್ನು ಕಂಡರೆ ನಿಂತು ಅವರ ಮುಂದೆ ರಸ್ತೆಯ ಮೇಲೆ ಬೆಳಕಿನಲ್ಲೇ ಜೀಬ್ರಾ ಕ್ರಾಸಿಂಗ್ ಬರೀತಿತ್ತು. 2018ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಕಂಪನಿ ಇಂಗ್ಲೆಂಡಿನಲ್ಲಿ ಪುಟ್ಟ ವಾಹನಗಳಿಗೆ ದೊಡ್ಡ ದೊಡ್ಡ ಕೃತಕ ಕಣ್ಣು ಹಾಕಿ ಪರೀಕ್ಷೆ ಮಾಡಿತು. ರಸ್ತೆ ದಾಟುವವರ ಕಡೆ ಆ ಕಣ್ಣು ಹೊರಳ್ತಿತ್ತು. ನೋಡಿದ್ದೀನಿ ನಿನ್ನ, ಹೋಗು ಅನ್ನೋ ಹಾಗೆ. ಜಾಗ್ವಾರ್ ಈಗ ಟಾಟಾ ಬಳಗದ್ದು, ಹಾಗಾಗಿ ಕಣ್ಣು ಬರೆಯೋಕೆ ನಮ್ಮ ಲಾರಿ ಪೇಂಟರ್‌ಗಳನ್ನೇ ಕೇಳಬಹುದಿತ್ತು, ದೃಷ್ಟಿ ತಾಗದ ಹಾಗೆ ರಾಕ್ಷಸನ ಮುಖ ಸಮೇತ ಬರೆದುಕೊಡ್ತಿದ್ದರು. 2023ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ನೆವಾಡ ರಾಜ್ಯಗಳು, ಕಾರು ತಾನೇ ಓಡ್ತಿರುವಾಗ ವಿಶೇಷ ಬಣ್ಣದ ದೀಪ ಹಾಕೋಕೆ ಮರ್ಸಿಡಿಸ್‌ಗೆ ಅನುಮತಿ ಕೊಟ್ಟವು. ಕೆಂಪು, ಹಳದಿ, ಹಸಿರು ಎಲ್ಲ ಆಗಲೇ ಬುಕ್ ಆಗಿವೆ. ಉಳಿದಿದ್ದು ನೀಲಿ ಹಸಿರು ಬೆರೆತ ನವಿಲುಗರಿಯ ಬಣ್ಣ, ಅದೇ ಆಯ್ತು.

ಇದೆಲ್ಲಕ್ಕಿಂತ ನನಗೆ ಇಷ್ಟವಾದ ಘಟನೆ 2017ರ ಆಗಸ್ಟ್‌ನದ್ದು. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ಊರಲ್ಲಿ ಡ್ರೈವರ್ ಇಲ್ಲದ ವ್ಯಾನೊಂದು ಓಡಾಡ್ತಿದೆ ಅಂತ ಗುಲ್ಲೆದ್ದಿತು. ಟಿವಿ ವರದಿಗಾರರೊಬ್ಬರು ಸಿಗ್ನಲ್‌ನಲ್ಲಿ ನಿಂತ ಆ ವ್ಯಾನಿನೊಳಗೆ ಇಣುಕಿದರು. ಸೀಟು ಖಾಲಿ. ಇನ್ನೂ ಹತ್ತಿರ ಹೋಗಿ ನೋಡಿದರೆ, ಸೀಟಿಗೆ ಎರಡು ಕೈ! ಸೀಟಿನ ಕವರನ್ನೇ ವೇಷದ ಹಾಗೆ ತಲೆಯಿಂದ ಸೊಂಟದವರೆಗೆ ತೊಟ್ಟುಕೊಂಡು ಒಬ್ಬ ಮನುಷ್ಯ ಒಳಗೆ ಕೂತಿದ್ದ. ವರದಿಗಾರ ಗಾಜಿನಾಚೆಯಿಂದ ಮಾತಾಡಿಸಿದರೆ ಸೀಟು ಉತ್ತರ ಕೊಡಲಿಲ್ಲ, ಸಿಗ್ನಲ್ ಬಿಟ್ಟ ಕೂಡಲೇ ಹೊರಟೇ ಹೋಯ್ತು. ಆಮೇಲೆ ಗೊತ್ತಾಯ್ತು, ಅದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಾರಿಗೆ ಸಂಸ್ಥೆ ಫೋರ್ಡ್ ಕಂಪನಿ ಜೊತೆ ಮಾಡ್ತಿದ್ದ ಪ್ರಯೋಗ. ಡ್ರೈವರ್ ಇಲ್ಲದ ಕಾರಿನ ಗಾಜಿನ ಮೇಲೆ ಬಿಳಿ ದೀಪಗಳ ಸಂಕೇತ ಹಾಕಿದರೆ ಜನ ಹೇಗೆ ವರ್ತಿಸ್ತಾರೆ ಅಂತ ನೋಡಬೇಕಿತ್ತು. ಆದರೆ ನಿಜಕ್ಕೂ ಡ್ರೈವರ್ ಇಲ್ಲದೆ ಬಿಡುವ ಹಾಗಿಲ್ಲ. ಅದಕ್ಕೆ ಡ್ರೈವರನ್ನೇ ಸೀಟು ಮಾಡಿದರು. ನಾಟಕದಲ್ಲಿ ರಾಜನ ಪಾರ್ಟು, ಮಂತ್ರಿ ಪಾರ್ಟು ಮಾಡಿದವರನ್ನು ನೋಡಿದ್ದೀವಿ. ಕುರ್ಚಿ ಪಾರ್ಟು ಮಾಡಿದವನನ್ನು ನೋಡಿರಲಿಲ್ಲ. 1925ರಲ್ಲಿ ಹಿಂದಿನ ಕಾರಿನಲ್ಲಿದ್ದ ಮನುಷ್ಯ 2017ರಲ್ಲಿ ಸೀಟಿನೊಳಗೇ ಇದ್ದ.

ನಗು ಇಲ್ಲಿಗೆ ಸಾಕು. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿ ನಗರದಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಊಬರ್ ಕಂಪನಿಯ ಪ್ರಯೋಗದ ಕಾರು ಗುದ್ದಿತು, ಆಕೆ ಸತ್ತರು. ಸ್ವಯಂಚಾಲಿತ ಕಾರಿಗೆ ಸಿಕ್ಕಿ ಸತ್ತ ಮೊದಲ ಪಾದಚಾರಿ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಹೊರಬಂದ ಸಂಗತಿ ಕೇಳಿ. ಗುದ್ದುವ 5.6 ಸೆಕೆಂಡ್ ಮೊದಲೇ ಯಂತ್ರ ಅವರನ್ನು ಗುರುತಿಸಿತ್ತು. ಏನೆಂದು ಗುರುತಿಸಿತ್ತು? ಒಮ್ಮೆ ವಾಹನ, ಒಮ್ಮೆ ಏನೋ ಒಂದು ವಸ್ತು, ಒಮ್ಮೆ ಸೈಕಲ್. ಮನುಷ್ಯಳೆಂದು ಮಾತ್ರ ಅಲ್ಲ. ಜೀಬ್ರಾ ಕ್ರಾಸಿಂಗ್ ಇಲ್ಲದ ಕಡೆಯೂ ಜನ ರಸ್ತೆ ದಾಟ್ತಾರೆ ಅನ್ನೋ ವಿಚಾರವೇ ಆ ವ್ಯವಸ್ಥೆಯ ವಿನ್ಯಾಸದಲ್ಲಿ ಇರಲಿಲ್ಲ. ಆ ಕಾರಿನ ಡ್ರೈವರ್ ಸೀಟಿನಲ್ಲಿ ಸುರಕ್ಷತೆಗೆಂದು ಒಬ್ಬರು ನೌಕರರಿದ್ದರು. ಕಂಪನಿಯ ಮೇಲೆ ಕ್ರಿಮಿನಲ್ ಕೇಸ್ ಆಗಲಿಲ್ಲ. ಸೀಟಿನಲ್ಲಿದ್ದ ನೌಕರರ ಮೇಲೆ ಆಯ್ತು, 2023ರಲ್ಲಿ ಅವರು ತಪ್ಪೊಪ್ಪಿಕೊಂಡರು, ಮೂರು ವರ್ಷದ ಪ್ರೊಬೇಷನ್ ಶಿಕ್ಷೆ. ಜಾಹೀರಾತಿನಲ್ಲಿ ಕಾರು ಓಡಿಸೋದು ಯಂತ್ರ, ಕೋರ್ಟಿನಲ್ಲಿ ಓಡಿಸಿದ್ದು ಮನುಷ್ಯ. ಈ ಲೆಕ್ಕ ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಈಗಿನ ವೇಮೊ ಕಾರು ಮುದ್ದುಮುಖ ಬಿಟ್ಟು ಗಂಭೀರವಾಗಿದೆ. ಗೂಗಲ್‌ನದೇ ಕೂಸು. 2024ರ ಜೂನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಾರು ಬೇಕಾದರೂ ಕರೆಸಿಕೊಳ್ಳಬಹುದು. ಬಿಳಿ ಜಾಗ್ವಾರ್, ಛಾವಣಿಯ ಮೇಲೆ ಬುಟ್ಟಿ ಕವುಚಿದಂಥ ಗೋಪುರ. ಒಳಗೆ ಆಸ್ಪತ್ರೆಯಷ್ಟು ಶುಭ್ರ. ಒಂದು ದೇವರ ಪಟ ಇಲ್ಲ, ನಿಂಬೆಹಣ್ಣು ಮೆಣಸಿನಕಾಯಿ ಇಲ್ಲ, ಮಗಳ ಹೆಸರಿನ ಸ್ಟಿಕ್ಕರ್ ಇಲ್ಲ. ಗೋಪುರದ ಪರದೆಯಲ್ಲಿ ಎರಡು ಅಕ್ಷರ ಮಿನುಗುತ್ತೆ. ನಿಮ್ಮ ಕಾರು ಯಾವುದು ಅಂತ ಗುರುತು ಸಿಗಲಿ ಅಂತ ಪ್ರಯಾಣಿಕರ ಹೆಸರಿನ ಇನಿಷಿಯಲ್ಸ್ ಅದು. ನೀವು ಇಳಿದ ಮೇಲೆ ಅಳಿಸಿಹೋಗುತ್ತೆ.

ಊರಿನವರು ಈ ಶುಭ್ರತೆಯನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. 2023ರಲ್ಲಿ ಕೆಲವು ಕಾರ್ಯಕರ್ತರು ರಸ್ತೆ ಬದಿಯ ಟ್ರಾಫಿಕ್ ಕೋನ್ ತಗೊಂಡು ಬಾನೆಟ್ ಮೇಲೆ ಇಟ್ಟುಬಿಟ್ಟರು. ಕೋಟ್ಯಂತರ ಡಾಲರಿನ ತಂತ್ರಜ್ಞಾನ ಒಂದು ಪ್ಲಾಸ್ಟಿಕ್ ಕೋನ್ ಹೊತ್ತುಕೊಂಡು, ಮೂಗಿನ ಮೇಲೆ ಇರುವೆ ಕೂತ ಆನೆಯ ಹಾಗೆ ಕಂಗಾಲಾಗಿ ನಿಂತಿತು. 2024ರ ಆಗಸ್ಟ್‌ನಲ್ಲಿ ಇನ್ನೊಂದು ತಮಾಷೆ. ಅಪಾರ್ಟ್‌ಮೆಂಟ್‌ಗಳ ಪಕ್ಕದ ಪಾರ್ಕಿಂಗ್ ಜಾಗದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಈ ಕಾರುಗಳು ಒಂದನ್ನೊಂದು ಕಂಡು ಹಾರ್ನ್ ಹೊಡೆಯೋಕೆ ಶುರು ಮಾಡಿದವು. ಒಳಗೆ ಒಬ್ಬರೂ ಇಲ್ಲ, ಹಾರ್ನ್ ಮಾತ್ರ ನಿಲ್ಲುತ್ತಿಲ್ಲ. ಬೆಂಗಳೂರಿನವನಾದ ನನಗೆ ಕೇಳಿ ಏನೋ ಸಮಾಧಾನ.

ಹಾಗಾದರೆ ವೇಮೊದ 'ಹಿಂದಿನ ಕಾರು' ಎಲ್ಲಿ? 2025ರ ಡಿಸೆಂಬರ್ 20ರಂದು ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಭಾಗದಲ್ಲಿ ಕರೆಂಟ್ ಹೋಯ್ತು. ಸಿಗ್ನಲ್ ದೀಪಗಳು ಆರಿದವು. ವೇಮೊ ಕಾರುಗಳು ಚೌಕಗಳ ನಡುವೆ ಅಲ್ಲಲ್ಲೇ ನಿಂತುಬಿಟ್ಟವು. ಕಂಪನಿ ಕೊಟ್ಟ ವಿವರಣೆ ಏನು ಅಂದ್ರೆ, ಆರಿದ ಸಿಗ್ನಲ್ ದಾಟೋದು ಕಾರಿಗೆ ಗೊತ್ತು, ಆದರೆ ಕೆಲವೊಮ್ಮೆ ದೂರದಲ್ಲಿ ಕೂತ ಸಿಬ್ಬಂದಿಯನ್ನು ಕೇಳಿ ಖಚಿತಪಡಿಸಿಕೊಳ್ಳುತ್ತೆ, ಅವತ್ತು ಎಲ್ಲ ಕಾರುಗಳೂ ಒಟ್ಟಿಗೆ ಕೇಳಿದ್ದರಿಂದ ಉತ್ತರ ತಡವಾಯ್ತು. ಆ ಸಿಬ್ಬಂದಿ ಸ್ಟೀರಿಂಗ್ ಹಿಡಿಯೋದಿಲ್ಲ, ಕಾರು ಕೇಳಿದ ಪ್ರಶ್ನೆಗೆ ಸಲಹೆ ಕೊಡ್ತಾರೆ ಅಷ್ಟೇ ಅಂತ ಕಂಪನಿ ಹೇಳುತ್ತೆ. 2026ರ ಫೆಬ್ರುವರಿಯಲ್ಲಿ ಅಮೆರಿಕದ ಸೆನೆಟ್ ಮುಂದೆ ಕಂಪನಿಯ ಅಧಿಕಾರಿಯೇ ಒಪ್ಪಿಕೊಂಡ ಹಾಗೆ, ಅವರಲ್ಲಿ ಕೆಲವರು ಇರೋದು ಫಿಲಿಪೀನ್ಸ್‌ನಲ್ಲಿ. ನ್ಯೂಯಾರ್ಕಿನ ಹಿಂದಿನ ಕಾರು ಸಮುದ್ರ ದಾಟಿ ಮನಿಲಾದ ಕಡೆಗೆ ಹೋಗಿದೆ.

ನಮ್ಮ ಊರಿಗೂ ಬಂದಿದೆ. ಯಂತ್ರಕ್ಕೆ ರಸ್ತೆ ನೋಡೋದನ್ನು ಕಲಿಸಬೇಕಾದರೆ ಲಕ್ಷಾಂತರ ಫೋಟೊಗಳಲ್ಲಿ ಯಾರೋ ಕೂತು ಇದು ಮನುಷ್ಯ, ಇದು ಸೈಕಲ್, ಇದು ನಾಯಿ, ಇದು ಬರೀ ನೆರಳು ಅಂತ ಒಂದೊಂದಕ್ಕೂ ಚೌಕ ಎಳೆದು ಹೆಸರು ಬರೀಬೇಕು. ಬೆಂಗಳೂರಿನಲ್ಲಿ 2015ರಲ್ಲಿ ಶುರುವಾದ ಪ್ಲೇಮೆಂಟ್ ಎಂಬ ಕಂಪನಿಯ ಕಸುಬೇ ಇದಾಗಿತ್ತು. 2021ರಲ್ಲಿ ಕೆನಡಾದ ಟೆಲಸ್ ಬಳಗ ಅದನ್ನು ಕೊಂಡಿತು. ಚೌಕ ಎಳೆಯುವ ಹುಡುಗ ಹುಡುಗಿಯರಿಗೆ ತಾವು ಕಲಿಸಿದ ಕಾರಿನಲ್ಲಿ ಕೂರುವ ಯೋಗ ಬರುತ್ತೋ ಇಲ್ಲವೋ, ಅವರ ಕಣ್ಣಂತೂ ಅದರೊಳಗಿದೆ.

ನಮ್ಮ ರಸ್ತೆಗೆ ಇಂಥ ಕಾರು ಬರುತ್ತಾ? ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು 2017ರಲ್ಲೂ ಹೇಳಿದ್ದರು, 2023ರಲ್ಲೂ ಹೇಳಿದರು: ಬಿಡೋದಿಲ್ಲ, ಡ್ರೈವರ್‌ಗಳ ಕೆಲಸ ಹೋಗುತ್ತೆ. 2025ರ ಅಕ್ಟೋಬರ್‌ನಲ್ಲಿ ವಿಪ್ರೊ, ಐಐಎಸ್‌ಸಿ ಮತ್ತು ಆರ್.ವಿ. ಇಂಜಿನಿಯರಿಂಗ್ ಕಾಲೇಜು ಸೇರಿ ಮಾಡಿದ ಡ್ರೈವರ್ ರಹಿತ ಕಾರು ಕಾಲೇಜಿನ ಆವರಣದಲ್ಲಿ ಓಡಾಡಿದ್ದನ್ನು ನಾವೆಲ್ಲ ಸುದ್ದಿ ಮಾಡಿದೆವು. ರೈಲಿನ ಮಟ್ಟಿಗೆ ಈ ಪ್ರಶ್ನೆ ಬಂದೇ ಇಲ್ಲ. 2020ರ ಡಿಸೆಂಬರ್‌ನಲ್ಲೇ ದೆಹಲಿ ಮೆಟ್ರೊದಲ್ಲಿ ಚಾಲಕರಹಿತ ರೈಲು ಬಂತು. ಪ್ಯಾರಿಸ್ ಮೆಟ್ರೊದ 14ನೇ ಮಾರ್ಗದಲ್ಲಿ 1998ರಿಂದಲೂ ಚಾಲಕನ ಕೋಣೆಯೇ ಇಲ್ಲ. ಆ ಜಾಗದಲ್ಲಿ ದೊಡ್ಡ ಗಾಜಿನ ಕಿಟಕಿ, ಮಕ್ಕಳು ಮೂಗು ಒತ್ತಿ ನಿಂತು ಸುರಂಗ ನೋಡ್ತಾರೆ. ಡ್ರೈವರ್ ಒಬ್ಬನೇ ನೋಡ್ತಿದ್ದ ದೃಶ್ಯ ಎಲ್ಲರಿಗೂ ಸಿಕ್ಕಿತು. ಇಂಥ ಲಾಭವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬೆಂಗಳೂರಿನ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆ ಆಯ್ತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿ.ಮೀ., 16 ನಿಲ್ದಾಣ. ಚಾಲಕ ಇಲ್ಲದೆ ಓಡಬಲ್ಲ ರೈಲು. ಶುರುವಿನಲ್ಲಿ ಬರೀ ಮೂರು ರೈಲು, 25 ನಿಮಿಷಕ್ಕೊಂದು. ಒಳಗೆ, ಎಚ್ಚರಿಕೆಗೆ ಇರಲಿ ಅಂತ, ಒಬ್ಬ ಚಾಲಕ.

ಸಿಲ್ಕ್ ಬೋರ್ಡ್ ನಿಲ್ದಾಣದ ಮೆಟ್ಟಿಲಿಳಿದರೆ ಕೆಳಗೆ ಆಟೊಗಳ ಸಾಲು. ಒಂದರ ಬೆನ್ನಿಗೆ ಶಂಕರ್‌ನಾಗ್, ಇನ್ನೊಂದಕ್ಕೆ ಹಳದಿ ಕೆಂಪು ಬಾವುಟ, ಮತ್ತೊಂದಕ್ಕೆ 'ತಾಯಿಯ ಆಶೀರ್ವಾದ', ಅದರ ಕೆಳಗೆ ಇಬ್ಬರು ಮಕ್ಕಳ ಹೆಸರು. ಒಳಗೆ ಕೂತರೆ ಎದುರಿಗೇ ಡ್ರೈವರ್ ಸೀಟಿನ ಹಿಂದೆ ತೂಗುಹಾಕಿದ ಡಿಸ್‌ಪ್ಲೇ ಕಾರ್ಡು. ಅದರಲ್ಲಿ ಆತನ ಫೋಟೊ, ಹೆಸರು. ಪ್ರಯಾಣಿಕರ ಸುರಕ್ಷತೆಗೆ ಅಂತ ಮಾಡಿದ ನಿಯಮ ಅದು. ನಮ್ಮನ್ನು ಕರೆದೊಯ್ಯುತ್ತಿರುವ ಮನುಷ್ಯ ಯಾರು ಅಂತ ಬರೆದು ನೇತುಹಾಕಿರುವ ವಾಹನ ನನಗೆ ತಿಳಿದಂತೆ ಈ ಊರಿನಲ್ಲಿ ಹೆಚ್ಚೇನಿಲ್ಲ. ಚಾಲಕರಹಿತ ರೈಲಿನಿಂದ ಇಳಿದ ಟೆಕ್ಕಿಗಳು ಬ್ಯಾಗ್ ಹೆಗಲಿಗೇರಿಸಿಕೊಂಡು ಬಂದು ಮೊದಲು ಕೇಳೋದು, 'ಅಣ್ಣ, ಬರ್ತೀರಾ?' ಅವನು ಎಲ್ಲಿಗೆ ಅಂತ ಕೇಳ್ತಾನೆ, ಒಂದು ಸಲ ಅವರ ಮುಖ ನೋಡ್ತಾನೆ, ಆಮೇಲೆ ಹೇಳ್ತಾನೆ: 'ಮೀಟರ್ ಮೇಲೆ ಮೂವತ್ತು ಕೊಡಿ ಸಾರ್, ವಾಪಸ್ ಖಾಲಿ ಬರ್ಬೇಕು.'